ಕುದುರೆ, ಸೈಕಲ್, ಕಾಲ್ನಡಿಗೆ: ಮೂರಕ್ಕೂ ಒಂದೇ ದಾರಿ

ಪ್ರಿಯ ಗೆಳೆಯ,

ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಬೆಟ್ಟದ ಸಾನ್ ವಿಸೆಂಟೆ ರೆಡ್‌ವುಡ್ಸ್ ಕಾಡಿನಲ್ಲಿ ಸ್ವಯಂಸೇವಕನಾಗಿ ಟ್ರೇಲ್ ಕೆಲಸಕ್ಕೆ, ಅಂದರೆ ಕಾಡುದಾರಿ ಮಾಡುವ ಕೆಲಸಕ್ಕೆ ಇಳಿಯುವ ಯೋಚನೆ ಅಂತ ಬರೆದಿದ್ದೀಯ. ಮೊದಲು ಸಿಮೆಂಟ್ ಕಂಪನಿಯ ಕೈಲಿದ್ದ ಕಾಡು ಅದು. 2011ರಲ್ಲಿ ಭೂಸಂರಕ್ಷಣೆಯ ಸಂಸ್ಥೆಗಳು ಕೊಂಡವು, 2020ರ ಕಾಡ್ಗಿಚ್ಚಿನಲ್ಲಿ ಬಹುಪಾಲು ಬೆಂದಿತು, 2022ರ ಡಿಸೆಂಬರಿನಲ್ಲಿ ಮೊದಲ ಹಂತದ ದಾರಿ ತೆರೆಯಿತು. ಒಟ್ಟು 38 ಮೈಲಿಯ ಯೋಜನೆ. ನಡೆಯುವವರು, ಮೌಂಟನ್ ಬೈಕಿನವರು, ಕುದುರೆಯವರು ಒಂದೇ ಕಾಡಿನಲ್ಲಿ ಜಗಳವಿಲ್ಲದೆ ಇರುವುದು ಹೇಗೆ ಅಂತ ನಿನ್ನ ಪ್ರಶ್ನೆ. ಅದರಲ್ಲಿ ಮುಕ್ಕಾಲು ಪಾಲು ತೀರ್ಮಾನವಾಗುವುದು ದಾರಿ ಕಡಿಯುವಾಗಲೇ. ಬೋರ್ಡು ಆಮೇಲಿನ ಮಾತು.

ಮೊದಲು ನೀರಿನ ಲೆಕ್ಕ. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧ ಮೀರಬಾರದು. ಗುಡ್ಡ ಶೇ. 16 (ನೂರು ಅಡಿಗೆ ಹದಿನಾರು ಅಡಿ) ಇಳಿದರೆ ದಾರಿ ಶೇ. 8ರೊಳಗೆ. ಮೀರಿದರೆ ನೀರು ದಾರಿಯನ್ನು ಅಡ್ಡ ದಾಟದೆ ಅದರ ಮೇಲೇ ಹರಿಯುತ್ತದೆ. ಗುಡ್ಡ ಎಷ್ಟೇ ಕಡಿದಾಗಿರಲಿ, ಸರಾಸರಿ ಶೇ. 10 ದಾಟಿಸಬೇಡಿ. ದಾರಿಯ ಮೇಲ್ಮೈ ಹೊರಕ್ಕೆ ಶೇ. 5 ವಾಲಬೇಕು: ನಾಲ್ಕು ಅಡಿ ಅಗಲಕ್ಕೆ ಸುಮಾರು ಎರಡೂವರೆ ಇಂಚು. ಜೊತೆಗೆ ಇಪ್ಪತ್ತರಿಂದ ಐವತ್ತು ಅಡಿಗೊಮ್ಮೆ ಇಳಿಯುವ ದಾರಿ ಸ್ವಲ್ಪ ಏರಿ ಮತ್ತೆ ಇಳಿಯಬೇಕು. ಆ ತಗ್ಗಿನಲ್ಲಿ ನೀರು ಹೊರಬೀಳುತ್ತದೆ, ಸೈಕಲ್ಲಿನ ವೇಗವೂ ತಾನಾಗಿ ಇಳಿಯುತ್ತದೆ. ಒಂದೇ ತಗ್ಗಿನಿಂದ ಎರಡು ಕೆಲಸ!

ಕಡಿಯುವಾಗ ದಾರಿಯ ಪೂರ್ತಿ ಅಗಲವನ್ನೂ ಗುಡ್ಡದ ಒಳಕ್ಕೇ ಕೊರೆಯಿರಿ. ಅರ್ಧ ಕೊರೆದು, ಆ ಮಣ್ಣನ್ನೇ ಹೊರಗೆ ತುಂಬಿ ಅಗಲ ಮಾಡಿದರೆ ಸೈಕಲ್ ಒಂದಷ್ಟು ದಿನ ತಡೆದೀತು, ಕುದುರೆಯ ಗೊರಸು ತಡೆಯದು. ತೆಗೆದ ಮಣ್ಣನ್ನು ಅಂಚಿನಲ್ಲಿ ಬಿಡದೆ ಕೆಳಗೆ ದೂರಕ್ಕೆ ಚೆಲ್ಲಬೇಕು. ಬಿಟ್ಟರೆ ಅದೇ ಬದುವಾಗಿ ನೀರು ನಿಲ್ಲಿಸುತ್ತದೆ. ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿ ಇರುವ ಪುಲಾಸ್ಕಿ ಬೇರು ಕಡಿಯಲು. ಅಗಲ ಅಲಗಿನ ಮೆಕ್ಲೌಡ್ ಕೆರೆದು ಮಟ್ಟ ಮಾಡಲು, ತಟ್ಟಿ ಗಟ್ಟಿ ಮಾಡಲು.

ಸುಟ್ಟ ಕಾಡಿಗೆ ಇನ್ನೊಂದು ಕಾಟವಿದೆ. ಬೆಂಕಿ ಬೇರಿನೊಳಗೆ ಹೊಕ್ಕು ನೆಲದಡಿ ಉರಿದುಹೋದ ಕಡೆ ಟೊಳ್ಳು ಉಳಿದಿರುತ್ತದೆ. ಮೇಲಿಂದ ಏನೂ ಕಾಣದು. ನಿನ್ನ ಭಾರಕ್ಕೆ ಕುಸಿಯದಿದ್ದದ್ದು ಕುದುರೆಯ ಕಾಲಡಿ ಕುಸಿದೀತು. ಬೆಂದ ಬುಡಗಳ ಸುತ್ತ ಹಾರೆಯಿಂದ ಚುಚ್ಚಿ ನೋಡು. ಟೊಳ್ಳು ಸಿಕ್ಕರೆ ಬಾಯಿ ಅಗಲಿಸಿ, ಬರೀ ಮಣ್ಣನ್ನು ಪದರಪದರವಾಗಿ ತುಂಬಿ ಕುಟ್ಟಬೇಕು. ತರಗೆಲೆ ತುಂಬಬೇಡ, ಕೊಳೆತು ಮತ್ತೆ ತಗ್ಗಾಗುತ್ತದೆ. ತಲೆಯ ಮೇಲೂ ಒಂದು ಕಣ್ಣಿರಲಿ: ಸತ್ತ ಕೊಂಬೆ ಗಾಳಿಯಿಲ್ಲದೆಯೂ ಬೀಳುತ್ತದೆ.

ಕುದುರೆ ಬರುವ ದಾರಿಗೆ ಸವಾರನ ತಲೆ ಲೆಕ್ಕಕ್ಕೆ ಹಿಡಿದು ಹತ್ತು ಅಡಿ ಎತ್ತರದವರೆಗೆ ಕೊಂಬೆ ಸವರಬೇಕು. ತಿರುವಿನ ಒಳಬದಿಯ ಪೊದೆಯನ್ನು ಮರೆಯದೆ ತೆಗೆಯಿರಿ. ಕುದುರೆ ಬೆದರುವುದು ಸೈಕಲ್ಲಿಗಲ್ಲ, ಸದ್ದಿಲ್ಲದೆ ಹಠಾತ್ತನೆ ಎದುರಾಗುವುದಕ್ಕೆ. ಪದ್ಧತಿ ಸರಳ: ಸೈಕಲ್ಲಿನವರು ಎಲ್ಲರಿಗೂ, ನಡೆಯುವವರು ಕುದುರೆಗೆ ದಾರಿ ಬಿಡಬೇಕು. ಕುದುರೆ ಕಂಡಕೂಡಲೇ ನಿಂತು ಮಾತಾಡು; ಬೆನ್ನಿಗೆ ದೊಡ್ಡ ಚೀಲವಿದ್ದವರನ್ನು ಅದು ಮನುಷ್ಯರೆಂದು ಗುರುತಿಸುವುದು ದನಿಯಿಂದ. ಸಾಮಾನ್ಯವಾಗಿ ಇಳಿಜಾರಿನ ಕೆಳಬದಿಗೆ ಸರಿಯುವುದು ರೂಢಿ, ಸವಾರ ಬೇರೆ ಹೇಳಿದರೆ ಅವರ ಮಾತೇ ಅಂತಿಮ. ಬ್ರೇಕ್ ಕಿರುಚಿಸಿ ಎಚ್ಚರಿಸುವ ಜಾಣರೂ ಇದ್ದಾರೆ, ನೀನು ಹಾಗೆ ಮಾಡಬೇಡ ಮಾರಾಯ.

ಕೊನೆಗೆ ಪಾಯಿಸನ್ ಓಕ್, ಮುಟ್ಟಿದರೆ ಮೈ ಏಳಿಸುವ ಗಿಡ. ಮೂರು ಮೂರು ಎಲೆ. ಚಳಿಗಾಲದಲ್ಲಿ ಎಲೆ ಉದುರಿ ಬರೀ ಕಡ್ಡಿ ನಿಂತಿದ್ದರೂ ವಿಷ ಹಾಗೇ ಇರುತ್ತದೆ. ನಮ್ಮ ಗೇರು, ಮಾವಿನ ಕುಟುಂಬದ್ದೇ ಗಿಡ, ಹಾಗಾಗಿ ಊರಿನಲ್ಲಿ ಗೇರುಸಿಪ್ಪೆಯ ಎಣ್ಣೆ ತಗುಲಿದರೆ ಮೈ ಏಳುವವನು ನೀನಾದರೆ ಇನ್ನೂ ಹುಷಾರು. ತುಂಬುತೋಳಿನ ಅಂಗಿ ಹಾಕು. ಕೆಲಸ ಮುಗಿದಕೂಡಲೇ ತಣ್ಣೀರು, ಸೋಪಿನಿಂದ ಕೈ ತೊಳೆದುಕೋ. ಗುದ್ದಲಿಯ ಹಿಡಿ, ಶೂ ಲೇಸು ಕೂಡ.

ಇಂತಿ ನಿನ್ನ ಗೆಳೆಯ