ಲಂಗರು ಹಾಕಿದ ಹಡಗಿನಲ್ಲಿ ನಮ್ಮ ಹುಡುಗರು

ಮಾನ್ಯ ಸಂಪಾದಕರೇ,

ನಮ್ಮ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಗಳಿಂದಲೂ ಹುಡುಗರು ಸರಕು ಹಡಗಿನ ಕೆಲಸಕ್ಕೆ ಹೋಗುತ್ತಾರೆ. ನನ್ನ ಅಕ್ಕನ ಮಗನೂ ಹೋದ. ಅವನಿದ್ದ ಹಡಗು ಹಳೆಯದು. ಬಾಡಿಗೆ ಸಿಗದೆ ಹೊರದೇಶದ ಬಂದರಿನಲ್ಲಿ ಲಂಗರು ಹಾಕಿ ನಿಂತಿತು. ಮೊದಲು ಸಂಬಳ ನಿಂತಿತು, ಆಮೇಲೆ ತರಕಾರಿ. ಮಳೆಗಾಲ ಪೂರ್ತಿ ಅಕ್ಕ ಫೋನ್ ಪಕ್ಕದಲ್ಲೇ ಕೂತಿದ್ದಳು.

ನಿಂತ ಹಡಗನ್ನು ಸುಮ್ನೆ ಬಿಟ್ಟು ಬರಲು ಆಗುವುದಿಲ್ಲ. ಜನರೇಟರ್ ನೋಡಿಕೊಳ್ಳಬೇಕು. ತಳದಲ್ಲಿ ಸೇರುವ ನೀರು ಹೊರಹಾಕಬೇಕು. ಗಾಳಿ ಜಾಸ್ತಿಯಾದರೆ ಲಂಗರು ಜಾರದಂತೆ ರಾತ್ರಿಯಿಡೀ ಕಾಯಬೇಕು. ಮಾಲೀಕ ಕೈಬಿಟ್ಟರೆ ಸಿಕ್ಕಿಬೀಳುವುದು ಈ ಹುಡುಗರೇ ಅಲ್ವಾ?

ಇದಕ್ಕೆ ನಿಯಮವಿದೆ. 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದವನ್ನು ಭಾರತ 2015ರಲ್ಲಿ ಒಪ್ಪಿಕೊಂಡಿದೆ. 2017ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ, ಕನಿಷ್ಠ 2 ತಿಂಗಳ ಸಂಬಳ ಕೊಡದಿದ್ದರೆ ಕೈಬಿಟ್ಟಂತೆಯೇ ಲೆಕ್ಕ. ಆಗ ಹಡಗಿನ ಮಾಲೀಕನ ವಿಮೆಯಿಂದ 4 ತಿಂಗಳವರೆಗಿನ ಬಾಕಿ ಸಂಬಳ, ಊಟ, ನೀರು, ಊರಿಗೆ ಮರಳುವ ಖರ್ಚು ಸಿಗಬೇಕು. ವಿಮೆ ಪತ್ರವನ್ನು ಹಡಗಿನಲ್ಲೇ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ನಮಗೆ ಇದೊಂದೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಷ್ಟು ದಿನ ಅಳುತ್ತಾ ಕೂರುತ್ತಿರಲಿಲ್ಲ.

ಘಟ್ಟದ ಮೇಲಿನ ನಮಗೆ ಬಂದರಿನ ವಿಷಯ ಹೇಳುವವರಿಲ್ಲ. ಶಿವಮೊಗ್ಗ ಜಿಲ್ಲಾಡಳಿತ ಇಂಥ ಕುಟುಂಬಗಳಿಗೆ ಒಂದು ಮಾಹಿತಿ ಕೇಂದ್ರ ತೆರೆಯಲಿ. ಹೆತ್ತವರೂ ಕಾಗದಕ್ಕೆ ಸಹಿ ಬೀಳುವ ಮೊದಲು ಹಡಗಿಗೆ ಎಷ್ಟು ವರ್ಷ, ಏಜೆಂಟರಿಗೆ ಸರ್ಕಾರದ ಪರವಾನಗಿ ಇದೆಯಾ ಎಂದು ಕೇಳಿ. ಕೆಲಸ ಕೊಡಿಸಲು ಹುಡುಗರಿಂದ ಅವರು ದುಡ್ಡು ತೆಗೆದುಕೊಳ್ಳುವಂತೆಯೇ ಇಲ್ಲ.

– ಓದುಗರೊಬ್ಬರು, ತೀರ್ಥಹಳ್ಳಿ