ಅತ್ತಿಗೆಗೊಂದು ಕಾಗದ

ಪಾರ್ಸಿಪನಿ, ನ್ಯೂಜೆರ್ಸಿ
20 ಆಗಸ್ಟ್ 2024

ಅತ್ತಿಗೆಗೆ ನಮಸ್ಕಾರಗಳು.

ನನ್ನ ಕಾಗದ ನೋಡಿ ನಿಮಗೆ ಆಶ್ಚರ್ಯ ಆಗಿರಬಹುದು. ಫೋನ್ ಮಾಡೋಣ ಅಂತ ನಾಲ್ಕೈದು ಸಲ ಕೂತೆ. ಪ್ರತಿ ಸಲವೂ ನಿಮ್ಮ ಹೆಸರಿನ ತನಕ ಬೆರಳು ಹೋಗಿ ವಾಪಸ್ ಬಂತು. ಮಾತಾಡಿದರೆ ಅಳು ಬರುತ್ತದೆ, ಇಲ್ಲದಿದ್ದರೆ ಬಾಯಿಗೆ ಬಂದದ್ದು ಆಡಿಬಿಡುತ್ತೇನೆ. ಬರೆದರೆ ನೆಟ್ಟಗೆ ಹೇಳಬಹುದು ಅನ್ನಿಸಿತು. ಮೊದಲು ನೀವು ಓದಿ. ಸರಿ ಅನ್ನಿಸಿದರೆ ಅಣ್ಣನಿಗೂ ಓದಿ ಹೇಳಿ.

ಇಲ್ಲಿ ಎಲ್ಲರೂ ಆರಾಮ. ಪುಟ್ಟಿ ಮುಂದಿನ ತಿಂಗಳು ನಾಲ್ಕನೇ ಕ್ಲಾಸಿಗೆ ಹೋಗುತ್ತಾಳೆ. ಇವರಿಗೆ ಕೆಲಸ ಜಾಸ್ತಿ. ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ಸಾಲಿನಲ್ಲೇ ಇದ್ದೇವೆ.

ಈ ಬೇಸಿಗೆಯಲ್ಲಿ ನಾನು ಒಂದು ಟಿವಿ ಶೋ ನೋಡಿದೆ ಅತ್ತಿಗೆ. ಈ ಕಾಗದ ಬರೆಯುವುದಕ್ಕೆ ಅದೇ ಕಾರಣ. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಇಟಾಲಿಯನ್ ಅಜ್ಜಿ ಇದ್ದಾರೆ. ಒಬ್ಬರೇ ಇರುವುದು. ಭಾನುವಾರ ಬೆಳಿಗ್ಗೆಯಿಂದ ಟೊಮೆಟೊ ಸಾಸ್ ಕುದಿಸುತ್ತಾರೆ, ಅದಕ್ಕೆ ಇಲ್ಲಿಯ ಇಟಾಲಿಯನ್ನರು ಗ್ರೇವಿ ಅನ್ನುತ್ತಾರೆ. ಮೆಟ್ಟಿಲ ಮೇಲೆಲ್ಲ ಅದರ ವಾಸನೆ. ಒಂದು ಭಾನುವಾರ ಕೋಡುಬಳೆ ಕೊಡೋಣ ಅಂತ ಹೋದೆ, ಕೂತ್ಕೋ ಅಂದರು. ರಾತ್ರಿ ಎಂಟಕ್ಕೆ ಅವರ ಶೋ ಶುರುವಾಯಿತು. ಆಮೇಲೆ ಪ್ರತಿ ಭಾನುವಾರ ಅಲ್ಲೇ ಹೋಗಿ ಕೂರತೊಡಗಿದೆ.

ಶೋ ಹೆಸರು ‘ರಿಯಲ್ ಹೌಸ್‌ವೈವ್ಸ್ ಆಫ್ ನ್ಯೂಜೆರ್ಸಿ’. ಬ್ರಾವೊ ಅನ್ನುವ ಚಾನೆಲ್‌ನಲ್ಲಿ ಬರುತ್ತದೆ. ಬಿಗ್ ಬಾಸ್ ಥರ ಎಲ್ಲರನ್ನೂ ಒಂದೇ ಮನೆಗೆ ಹಾಕಿ ಬಾಗಿಲು ಹಾಕುವುದಿಲ್ಲ. ಕ್ಯಾಮೆರಾನೇ ಅವರವರ ಮನೆಗೆ ಹೋಗುತ್ತದೆ. ಅಡುಗೆಮನೆ, ಮಕ್ಕಳ ಹುಟ್ಟುಹಬ್ಬ, ಗಂಡ-ಹೆಂಡತಿ ಮಾತು, ಎಲ್ಲ. ಈ ಥರದ ಮೊದಲನೇ ಶೋ 2006ರಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಶುರುವಾಯಿತು. ನಮ್ಮ ನ್ಯೂಜೆರ್ಸಿಯದು 2009ರಲ್ಲಿ. ಈಗ ನೋಡಿದ್ದು 14ನೇ ಸೀಸನ್.

ಇದರಲ್ಲಿ ಟೆರೇಸಾ ಜುಡೀಚೆ ಅಂತ ಒಬ್ಬಳು. ಮೊದಲ ಸೀಸನ್‌ನಿಂದಲೂ ಇದ್ದಾಳೆ. ಅವಳ ಮನೆ ಇದ್ದದ್ದು ಟೊವಾಕೊದಲ್ಲಿ, ನಮ್ಮ ಪಕ್ಕದ ಊರು. ಎಲ್ಲೆಲ್ಲೂ ಅಮೃತಶಿಲೆ, ಗ್ರಾನೈಟ್. ಆ ಮನೆಗೆ 1,20,000 ಡಾಲರ್‌ನ ಪೀಠೋಪಕರಣ ಕೊಂಡು ನೋಟಿನ ಕಟ್ಟುಗಳನ್ನೇ ಎಣಿಸಿ ಕೊಟ್ಟಿದ್ದಳಂತೆ. 2009ರ ಅಕ್ಟೋಬರ್‌ನಲ್ಲಿ ಗಂಡ-ಹೆಂಡತಿ ದಿವಾಳಿ ಅರ್ಜಿ ಹಾಕಿದರು. ಸಾಲ ಸುಮಾರು 1 ಕೋಟಿ 10 ಲಕ್ಷ ಡಾಲರ್.

ಆಮೇಲಿನದು ಇನ್ನೂ ದುಃಖದ್ದು. ಸಾಲದ ಅರ್ಜಿಯಲ್ಲಿ, ದಿವಾಳಿ ಅರ್ಜಿಯಲ್ಲಿ ಸುಳ್ಳು ಬರೆದರು ಅಂತ ಕೇಸಾಯಿತು. ಇಬ್ಬರೂ ತಪ್ಪು ಒಪ್ಪಿಕೊಂಡರು. 2014ರಲ್ಲಿ ಅವಳಿಗೆ 15 ತಿಂಗಳು, ಗಂಡನಿಗೆ 41 ತಿಂಗಳು ಶಿಕ್ಷೆ. ನಾಲ್ಕು ಹೆಣ್ಣುಮಕ್ಕಳು ಇದ್ದರಲ್ಲ, ಅದಕ್ಕೆ ಜಡ್ಜ್ ಇಬ್ಬರನ್ನೂ ಒಟ್ಟಿಗೆ ಕಳಿಸಲಿಲ್ಲ. ಮೊದಲು ತಾಯಿ ಹೋಗಿ ಬಂದಳು, ಆಮೇಲೆ ತಂದೆ ಹೋದ. ಮಕ್ಕಳ ಹತ್ತಿರ ಯಾರಾದರೂ ಒಬ್ಬರು ಇರಲಿ ಅಂತ. ಈ ಮಾತು ಅಜ್ಜಿ ಹೇಳಿದಾಗ ನನಗೆ ಗಂಟಲು ಕಟ್ಟಿತು.

ಗಂಡ ಜೋ ಇಟಲಿಯಲ್ಲಿ ಹುಟ್ಟಿ ಕೂಸಾಗಿದ್ದಾಗ ಇಲ್ಲಿಗೆ ಬಂದವನು. ಇಲ್ಲಿಯ ಪೌರತ್ವ ಮಾತ್ರ ತಗೊಂಡಿರಲಿಲ್ಲ. ಶಿಕ್ಷೆ ಮುಗಿದ ಮೇಲೆ ಮನೆಗೆ ಬರಲು ಬಿಡಲಿಲ್ಲ. 2019ರಲ್ಲಿ ಇಟಲಿಗೆ ಹೋಗಬೇಕಾಯಿತು. ಮಕ್ಕಳೆಲ್ಲ ಇಲ್ಲಿ. ಅವತ್ತು ರಾತ್ರಿ ಮನೆಗೆ ಬಂದು ನಮ್ಮ ಪಾಸ್‌ಪೋರ್ಟು, ಪೇಪರುಗಳನ್ನೆಲ್ಲ ತೆಗೆದು ಮತ್ತೊಮ್ಮೆ ನೋಡಿ ಇಟ್ಟೆ. ಅವನು ಮಾಡಿದ್ದು ತಪ್ಪೇ, ಆದರೂ ಭಯ ಆಗುತ್ತದೆ ಅತ್ತಿಗೆ.

ನಾನು ಹೇಳಬೇಕು ಅಂತಿರುವುದು ಈ ಟೆರೇಸಾ ಮತ್ತು ಅವಳ ತಮ್ಮನ ವಿಷಯ. ತಮ್ಮನ ಹೆಸರೂ ಜೋ. ಜೋ ಗೋರ್ಗಾ. ಅವನ ಹೆಂಡತಿ ಮೆಲಿಸ್ಸಾ. ಅಂದರೆ ಇವರಿಬ್ಬರೂ ನಮ್ಮ ಹಾಗೇ ಅತ್ತಿಗೆ-ನಾದಿನಿ. ತಂದೆ-ತಾಯಿ ಇಟಲಿಯ ಸಾಲಾ ಕೊನ್ಸಿಲೀನಾ ಅನ್ನುವ ಸಣ್ಣ ಊರಿನಿಂದ ಬಂದು ಪ್ಯಾಟರ್ಸನ್‌ನಲ್ಲಿ ನೆಲೆಸಿದವರು. ಪ್ಯಾಟರ್ಸನ್ ಅಂದರೆ ಮೊದಲು ರೇಷ್ಮೆ ಗಿರಣಿಗಳ ಊರು, ಕೂಲಿಗೆ ಬಂದವರೆಲ್ಲ ಅಲ್ಲೇ ಇಳಿಯುತ್ತಿದ್ದರಂತೆ. ಇರುವವರು ಇಬ್ಬರೇ, ಅಕ್ಕ ಮತ್ತು ತಮ್ಮ. ನಮ್ಮಲ್ಲಿ ಅಣ್ಣ ಮತ್ತು ನಾನು ಇಬ್ಬರೇ ಇದ್ದ ಹಾಗೆ.

2011ರಲ್ಲಿ ತಮ್ಮ-ಮೆಲಿಸ್ಸಾ ಶೋಗೆ ಬಂದರು. ಮೊದಲ ಕಂತೇ ಅವರ ಮಗುವಿನ ನಾಮಕರಣ. ತುಂಬಿದ ಹಾಲ್‌ನಲ್ಲಿ, ನೆಂಟರ ಎದುರಿಗೆ, ಅಕ್ಕ-ತಮ್ಮ ಮಾತಿಗೆ ಮಾತು ಬೆಳೆಸಿ ಕೊನೆಗೆ ಗಂಡಸರು ಕೈ ಕೈ ಮಿಲಾಯಿಸಿದರು. ವಯಸ್ಸಾದ ತಂದೆ ಅಲ್ಲೇ ಇದ್ದರು.

ಇನ್ನೊಂದು ಸಂಗತಿ ಇದೆ. ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ಒಂದು ಕ್ರಿಸ್ಮಸ್‌ಗೆ ಮೆಲಿಸ್ಸಾ ಟೆರೇಸಾಳ ಮನೆಗೆ ಬಿಸ್ಕತ್ತು ತಂದಿದ್ದಳು. ಮೇಲೆ ಬಣ್ಣಬಣ್ಣದ ಸಕ್ಕರೆ ಕಾಳು ಉದುರಿಸಿರುತ್ತಾರಲ್ಲ, ಅಂಥವು. ಟೆರೇಸಾಗೆ ಅದು ಹಿಡಿಸಲಿಲ್ಲ. ಕಸದ ಬುಟ್ಟಿಗೆ ಹಾಕಿದಳು. ಸಣ್ಣ ವಿಷಯ ಅಲ್ವಾ? ಆದರೆ ಆ ಬಿಸ್ಕತ್ತಿನ ಮಾತು ಇವತ್ತಿಗೂ ನಿಂತಿಲ್ಲ. ಅಜ್ಜಿಗೂ ನೆನಪಿದೆ. ಅವರು ಹೇಳಿದರು, “ಅಂಗಡಿಯಲ್ಲಿ ನಿಂತು, ಇವಳಿಗೆ ಯಾವುದು ಇಷ್ಟ ಆಗಬಹುದು ಅಂತ ಯೋಚಿಸಿರುತ್ತಾಳೆ ಆ ಹುಡುಗಿ. ಅದನ್ನಲ್ಲವಾ ಇವಳು ಬಿಸಾಕಿದ್ದು?”

ನನ್ನ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ನನಗೆ ನಮ್ಮ ಮನೆ ಮಂಚ ಕಂಡಿತು ಅತ್ತಿಗೆ. ಅದರ ಮೇಲೆ ಅಮ್ಮನ ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬ.

2022ರ ಆಗಸ್ಟ್. ಅಮ್ಮನ ವರ್ಷದ ತಿಥಿ ಮುಗಿದಿತ್ತು. ಎದುರು ಮನೆಯ ಅರಿಶಿನ ಕುಂಕುಮಕ್ಕೆ ಹೊರಟಾಗ ನೀವು ಅಮ್ಮನ ಅವಲಕ್ಕಿ ಸರ ಹಾಕಿಕೊಂಡು ಬಂದಿರಿ. ನಾನು ಅಷ್ಟು ಜನರ ಮುಂದೆ, “ಯಾರನ್ನ ಕೇಳಿ ಹಾಕ್ಕೊಂಡ್ರಿ?” ಅಂದೆ. ನೀವು ಏನೂ ಹೇಳಲಿಲ್ಲ. ಒಳಗೆ ಹೋಗಿ ಬಿಚ್ಚಿಟ್ಟು ಬಂದಿರಿ. ಕತ್ತಿನ ಮೇಲೆ ಸರದ ಗುರುತು ಹಾಗೇ ಇತ್ತು. ಅಮ್ಮನೇ ಅದನ್ನು ನಿಮ್ಮ ಕೈಗೆ ಕೊಟ್ಟಿದ್ದರು ಅಂತ ಅಣ್ಣ ಆಮೇಲೆ ಹೇಳಿದ. ಕೊಡದೆ ಇದ್ದಿದ್ದರೂ ಅದು ನಿಮ್ಮದೇ. ಎರಡು ವರ್ಷ ಅಮ್ಮನನ್ನು ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ತಲೆ ಬಾಚಿದವರು ನೀವು. ನಾನು ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದೆ, ಅಷ್ಟೇ.

ಹೊರಡುವ ಹಿಂದಿನ ರಾತ್ರಿ ನೀವು ನನಗಾಗಿ ಕೊಬ್ಬರಿ ಮಿಠಾಯಿ ಮಾಡಿದಿರಿ. ಅಷ್ಟೆಲ್ಲ ಆದ ಮೇಲೂ ಮಾಡಿದಿರಿ. ತುರಿದು ತುರಿದು ನಿಮ್ಮ ಬೆರಳು ಕೆಂಪಾಗಿದ್ದನ್ನು ನಾನು ನೋಡಿದ್ದೆ. ಸೂಟ್‌ಕೇಸ್ 23 ಕೆಜಿ ದಾಟುತ್ತದೆ ಅಂತ ಹೇಳಿ ಡಬ್ಬ ಮಂಚದ ಮೇಲೆ ಇಟ್ಟು ಹೊರಟೆ. ಅತ್ತಿಗೆ, ತೂಕ ದಾಟಿರಲಿಲ್ಲ. ಏರ್‌ಪೋರ್ಟ್‌ನಲ್ಲಿ ತೂಗಿದಾಗ 21 ಬಂತು. ಇದನ್ನು ನಾನು ಇವರಿಗೂ ಹೇಳಿಲ್ಲ.

ಅದೇ ತಿಂಗಳು, 2022ರ ಆಗಸ್ಟ್ 6ಕ್ಕೆ, ಟೆರೇಸಾಗೆ ಎರಡನೇ ಮದುವೆ ಆಯಿತು. ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ, ದೊಡ್ಡ ಮದುವೆ. ತಲೆಗೂದಲು ನಿಲ್ಲಿಸುವುದಕ್ಕೇ 1,500 ಪಿನ್ನು ಚುಚ್ಚಿದ್ದರಂತೆ. ಅಷ್ಟು ಹೊತ್ತಿಗೆ ಅವಳ ತಾಯಿ ಇಲ್ಲ, 2017ರಲ್ಲಿ ಹೋದರು. ತಂದೆ 2020ರಲ್ಲಿ. ಅವರ ನೆನಪಿಗೆ ಅಂತ ತಲೆಯ ಮೇಲಿನ ಮುಸುಕಿನ ಬಟ್ಟೆಗೆ ‘ಸೆಂಪ್ರೆ ಇನ್ಸಿಯೆಮೆ’ ಅಂತ ಕಸೂತಿ ಹಾಕಿಸಿದ್ದಳು. ಇಟಾಲಿಯನ್‌ನಲ್ಲಿ ‘ಯಾವಾಗಲೂ ಒಟ್ಟಿಗೆ’ ಅಂತ ಅರ್ಥ. ಆ ಮದುವೆಗೆ ಒಬ್ಬನೇ ತಮ್ಮ ಬರಲಿಲ್ಲ. ಮೆಲಿಸ್ಸಾನೂ ಬರಲಿಲ್ಲ.

ಈ 14ನೇ ಸೀಸನ್ ಪೂರ್ತಿ ಅಕ್ಕ-ತಮ್ಮ ಮಾತಾಡುವುದಿಲ್ಲ. ಉಳಿದ ಹೆಂಗಸರು ಎರಡು ಪಕ್ಷ ಆಗಿದ್ದಾರೆ. ಪ್ಯಾಟರ್ಸನ್‌ನವಳೇ ಆದ ಡೊಲೋರಿಸ್ ಒಬ್ಬಳು ಎರಡೂ ಮನೆಗೆ ಬೇಕಾದವಳಾಗಿ ನಡುವೆ ಒದ್ದಾಡುತ್ತಾಳೆ. ಕೊನೆಯ ಕಂತು ಟೊವಾಕೊದ ರೇಲ್ಸ್ ಅನ್ನುವ ಹೋಟೆಲ್‌ನಲ್ಲಿ, ಅಲ್ಲೂ ಕೂಗಾಟ. ಪ್ರತಿ ಸೀಸನ್ ಮುಗಿದ ಮೇಲೆ ಎಲ್ಲರನ್ನೂ ಎದುರುಬದುರು ಕೂರಿಸಿ ಮಾತಾಡಿಸುವುದು ಆ ಚಾನೆಲ್‌ನ ಪದ್ಧತಿ. ಈ ಸಲ ಅದನ್ನೇ ಕೈಬಿಟ್ಟರು. ಒಂದು ಪಕ್ಷ ಒಂದು ಕೋಣೆಯಲ್ಲಿ, ಇನ್ನೊಂದು ಪಕ್ಷ ಬೇರೆ ಕೋಣೆಯಲ್ಲಿ ಕೂತು ಕೊನೆಯ ಕಂತು ನೋಡಿದರು. ತಮ್ಮನ ದೊಡ್ಡ ಮಗಳಿಗೆ ತೀರಿಕೊಂಡ ಆ ತಾಯಿಯ ಹೆಸರನ್ನೇ ಇಟ್ಟಿದ್ದಾರೆ ಅತ್ತಿಗೆ. ಆ ಹೆಸರನ್ನು ಟೆರೇಸಾ ಕೊನೆಯ ಸಲ ಯಾವಾಗ ಕೂಗಿದಳೋ ಅಂತ ನನಗೆ ಅನ್ನಿಸಿತು.

ಜನ ಇದನ್ನು ಜಗಳ ನೋಡುವುದಕ್ಕೆ ಅಂತ ಹಾಕಿಕೊಳ್ಳುತ್ತಾರೆ. ಅಜ್ಜಿ ಮಾತ್ರ ಜಗಳ ಶುರುವಾದರೆ ಟಿವಿ ಸದ್ದು ಕಡಿಮೆ ಮಾಡುತ್ತಿದ್ದರು. ಅವರಿಗೂ ಒಬ್ಬ ತಮ್ಮ ಇದ್ದರಂತೆ. ಅಷ್ಟೇ ಹೇಳಿದರು, ನಾನು ಮುಂದೆ ಕೇಳಲಿಲ್ಲ.

ಅತ್ತಿಗೆ, ಸೆಪ್ಟೆಂಬರ್ 6ಕ್ಕೆ ಗೌರಿ ಹಬ್ಬ. ಎರಡು ವರ್ಷದಿಂದ ತವರಿನ ಬಾಗಿನ ಇಲ್ಲದೆ ನಾನು ಹಬ್ಬ ಮಾಡಿದ್ದೇನೆ. ಅದು ನಿಮ್ಮ ತಪ್ಪಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ ಅಂತ ನಾನೇ ಸುಮ್ಮನಿದ್ದೆ. ಈ ಸಲ ಕೇಳುತ್ತಿದ್ದೇನೆ. ನನ್ನ ಹೆಸರಿನಲ್ಲಿ ಒಂದು ಮೊರ ತುಂಬಿಸಿ ಇಡಿ. ನೀವು ಆ ದಿನ ಅಮ್ಮನ ಸರ ಹಾಕಿಕೊಳ್ಳಿ. ನಿಮ್ಮ ಬೆಳಿಗ್ಗೆ ಏಳಕ್ಕೆ, ಪೂಜೆಗೆ ಮುಂಚೆ, ನಾನು ಫೋನ್ ಮಾಡುತ್ತೇನೆ. ಅಣ್ಣ ತೆಗೆಯದಿದ್ದರೆ ನೀವು ತೆಗೆಯಿರಿ.

ಡಿಸೆಂಬರ್‌ನಲ್ಲಿ ಬರೋಣ ಅಂತ ಟಿಕೆಟ್ ನೋಡುತ್ತಿದ್ದೇವೆ. ಆ ಡಬ್ಬ ಎತ್ತಿಟ್ಟಿದ್ದೀರಾ? ಬಂದಾಗ ಕೊಬ್ಬರಿ ಎಲ್ಲ ನಾನೇ ತುರಿಯುತ್ತೇನೆ. ಪಾಕ ಮಾತ್ರ ನೀವು ಹಿಡಿಯಿರಿ, ಅದರ ಹದ ನನಗೆ ಇವತ್ತಿಗೂ ಬರುವುದಿಲ್ಲ.

ಇಂತಿ,
ನಿಮ್ಮ ನಾದಿನಿ