ಲಂಡನ್ ಪ್ರವಾಸದಲ್ಲಿ ಊಟದ ಹೊತ್ತು

ಜುಲೈ ಕೊನೆಯ ವಾರಕ್ಕೆ ಇಂಗ್ಲೆಂಡಿನ ಶಾಲೆಗಳಿಗೆ ಬೇಸಗೆ ರಜೆ ಬರುತ್ತದೆ. ಆ ಹೊತ್ತಿಗೆ ನಮ್ಮ ಸಂಘದ ಅನೇಕ ಮನೆಗಳಲ್ಲಿ ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಿರುತ್ತಾರೆ. ಅವರನ್ನು ಲಂಡನ್ನಿಗೆ ಕರೆದುಕೊಂಡು ಹೋಗುವುದು ಆ ದಿನಗಳ ದೊಡ್ಡ ಕಾರ್ಯಕ್ರಮ. ರೈಲಿನ ಟಿಕೆಟುಗಳನ್ನು ವಾರಗಳ ಮೊದಲೇ ಕೊಳ್ಳುತ್ತೇವೆ, ಲಂಡನ್ ಟವರಿಗೂ ವೆಸ್ಟ್‌ಮಿನ್‌ಸ್ಟರ್ ಅಬ್ಬಿಗೂ ಸಮಯ ಕಾದಿರಿಸುತ್ತೇವೆ, ಆದರೆ ಮಧ್ಯಾಹ್ನದ ಊಟ ಎಲ್ಲಿ ಎಂಬುದನ್ನು ಮಾತ್ರ ಅಲ್ಲಿಗೆ ಹೋದ ಮೇಲೆ ನೋಡೋಣ ಎಂದು ಬಿಟ್ಟುಬಿಡುತ್ತೇವೆ. ಸಕ್ಕರೆ ಕಾಯಿಲೆಯಿರುವ, ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕಾದ ಹಿರಿಯರು ಎರಡು ಗಂಟೆಯ ಬಿಸಿಲಿನಲ್ಲಿ ಲೀಸೆಸ್ಟರ್ ಸ್ಕ್ವೇರಿನ ಜನಜಂಗುಳಿಯಲ್ಲಿ ನಿಂತು, ಯಾವುದೋ ಅಂಗಡಿಯ ತಣ್ಣನೆಯ ಸ್ಯಾಂಡ್‌ವಿಚ್ಚಿನಲ್ಲಿ ತೃಪ್ತಿಪಡಬೇಕಾಗುವುದು ಹೀಗೆ. ಈ ಸಂಚಿಕೆಯ ಸಂಪಾದಕೀಯದಲ್ಲಿ ನನ್ನ ವಿನಂತಿ ಒಂದೇ: ಲಂಡನ್ನಿನ ಒಂದು ದಿನವನ್ನು ಯೋಜಿಸುವಾಗ ಮೊದಲು ಊಟದ ಜಾಗವನ್ನು ಗೊತ್ತುಮಾಡಿಕೊಳ್ಳಿ, ನೋಡುವ ಸ್ಥಳಗಳನ್ನು ಅದರ ಸುತ್ತ ಹೊಂದಿಸಿ.

ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್ ಕಡೆಯ ರೈಲುಗಳಲ್ಲಿ ಬರುವವರಿಗೆ ಇದು ಕಷ್ಟವೇ ಅಲ್ಲ, ಏಕೆಂದರೆ ಅವರು ಇಳಿಯುವ ಯೂಸ್ಟನ್ ನಿಲ್ದಾಣದ ಪಕ್ಕದಲ್ಲೇ ಡ್ರಮಂಡ್ ಸ್ಟ್ರೀಟ್ ಇದೆ. ಲಂಡನ್ನಿನಲ್ಲಿ ಭಾರತೀಯ ಸಸ್ಯಾಹಾರಕ್ಕೆ ಹೆಸರಾದ ಈ ಚಿಕ್ಕ ಬೀದಿಯಲ್ಲಿ ದಿವಾನಾ ಭೇಲ್ ಪೂರಿ ಹೌಸ್ ಐದು ದಶಕಗಳಿಂದ ಭೇಲ್ ಪೂರಿ, ದೋಸೆ, ಥಾಲಿಗಳನ್ನು ಬಡಿಸುತ್ತಿದೆ. ಅದೇ ಸಾಲಿನಲ್ಲಿ ಸಸ್ಯಾಹಾರದ ಬೇರೆ ಹೋಟೆಲುಗಳೂ 1965ರಲ್ಲಿ ಇಲ್ಲಿಯೇ ಹುಟ್ಟಿದ ಅಂಬಾಲಾ ಎಂಬ ಮಿಠಾಯಿ ಅಂಗಡಿಯೂ ಇವೆ. ಅಲಂಕಾರವನ್ನಾಗಲಿ ಬೆಂಗಳೂರಿನ ಗರಿಗರಿ ದೋಸೆಯನ್ನಾಗಲಿ ಇಲ್ಲಿ ನಿರೀಕ್ಷಿಸಬೇಡಿ. ಬಿಸಿಯಾದ, ಹಿತಮಿತವಾದ ಬೆಲೆಯ, ಮಾಂಸದ ಸೋಂಕಿನ ಅಂಜಿಕೆಯಿಲ್ಲದ ಊಟ ಸಿಗುತ್ತದೆ ಎಂಬುದೇ ದೊಡ್ಡ ಸಮಾಧಾನ. ಊಟವಾದ ಮೇಲೆ ಹತ್ತು ನಿಮಿಷ ನಡೆದರೆ ಬ್ರಿಟಿಷ್ ಲೈಬ್ರರಿ. ಅಲ್ಲಿ ಮ್ಯಾಗ್ನಾ ಕಾರ್ಟಾ ಮೊದಲಾದ ಅಮೂಲ್ಯ ಹಸ್ತಪ್ರತಿಗಳನ್ನು ಇರಿಸಿರುವ ಸಭಾಂಗಣಕ್ಕೆ ಪ್ರವೇಶ ಉಚಿತ, ಕೂರಲು ಆಸನಗಳೂ ಧಾರಾಳ. ಹೊಸ ಅತಿವೇಗದ ರೈಲುಮಾರ್ಗಕ್ಕಾಗಿ ಯೂಸ್ಟನ್ ಸುತ್ತ ವರ್ಷಗಟ್ಟಲೆ ಅಗೆದು ಬೇಲಿ ಹಾಕಿದ್ದರಿಂದ ಈ ಬೀದಿಯ ವ್ಯಾಪಾರಿಗಳು ಬಹಳ ನಷ್ಟ ಅನುಭವಿಸಿದ್ದಾರೆ. ನಮ್ಮಂತಹವರು ಒಂದು ಹೊತ್ತಿನ ಊಟಕ್ಕೆ ಅಲ್ಲಿಗೆ ಹೋಗುವುದು ಅವರಿಗೂ ಆಸರೆಯಾಗುತ್ತದೆ ಎಂದು ನಾನು ಮನಸಾರೆ ನಂಬಿದ್ದೇನೆ.

ಹೀಗೆ ಹೇಳಲು ಕಾರಣವಿದೆ. ಸ್ಟ್ರ್ಯಾಂಡ್ ರಸ್ತೆಯ 143ನೇ ಸಂಖ್ಯೆಯ ಕಟ್ಟಡದಲ್ಲಿ, ಕಿರಿದಾದ ಮೆಟ್ಟಿಲುಗಳ ಮೇಲೆ, ಇಂಡಿಯಾ ಕ್ಲಬ್ ಎಂಬ ಹಳೆಯ ಭೋಜನಶಾಲೆಯಿತ್ತು. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಲಂಡನ್ನಿನಲ್ಲಿ ದುಡಿದ ಇಂಡಿಯಾ ಲೀಗಿನ ನಂಟಿನಿಂದ, ವಿ. ಕೆ. ಕೃಷ್ಣ ಮೆನನ್ನರ ಆಸಕ್ತಿಯಿಂದ ಹುಟ್ಟಿದ ಆ ಸ್ಥಳದಲ್ಲಿ ದೋಸೆ ಸಾಂಬಾರು ತಿಂದು ದಿನ ಕಳೆದ ವಿದ್ಯಾರ್ಥಿಗಳು ಎಷ್ಟೋ ಮಂದಿ. ಕಟ್ಟಡದ ಮಾಲೀಕರು ಅದನ್ನು ಮಾರ್ಪಡಿಸಲು ನಿರ್ಧರಿಸಿದ್ದರಿಂದ 2023ರ ಸೆಪ್ಟೆಂಬರಿನಲ್ಲಿ ಅದು ಮುಚ್ಚಿತು. ಕೊನೆಯ ದಿನಗಳಲ್ಲಿ ಬಾಗಿಲ ಮುಂದೆ ಉದ್ದನೆಯ ಸಾಲು ನಿಂತಿತ್ತು. ಅದಕ್ಕೆ ಮೊದಲಿನ ವರ್ಷಗಳಲ್ಲಿ ಆ ಸಾಲು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಅಂತಹ ಮನೆತನದ ಇನ್ನೊಂದು ಜಾಗ ಈಗಲೂ ಉಳಿದಿದೆ. ಫಿಟ್ಸ್‌ರಾಯ್ ಸ್ಕ್ವೇರಿನ ಇಂಡಿಯನ್ ವೈಎಂಸಿಎ 1920ರಲ್ಲಿ ಭಾರತೀಯ ವಿದ್ಯಾರ್ಥಿಗಳಿಗಾಗಿ ಆರಂಭವಾದ ಸಂಸ್ಥೆ. ಅದರ ಕ್ಯಾಂಟೀನಿನಲ್ಲಿ ತಂಗಿರುವವರಷ್ಟೇ ಅಲ್ಲದೆ ಹೊರಗಿನವರೂ ಕಡಿಮೆ ಖರ್ಚಿನಲ್ಲಿ ಅನ್ನ, ಬೇಳೆ, ಪಲ್ಯ ಉಣ್ಣಬಹುದು. ವಾರನ್ ಸ್ಟ್ರೀಟ್ ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ. ತಟ್ಟೆ ಹಿಡಿದು ಸರದಿಯಲ್ಲಿ ನಿಲ್ಲುವ ಆ ಪದ್ಧತಿ ಹಾಸ್ಟೆಲಿನಲ್ಲಿ ಓದಿದ ನಮ್ಮ ಹಿರಿಯರಿಗೆ ಹೊಸದಲ್ಲ.

ಈರುಳ್ಳಿ ಬೆಳ್ಳುಳ್ಳಿ ತಿನ್ನದ ಹಿರಿಯರಿದ್ದಾರೆ ಎಂದಾಗ ನಮ್ಮಲ್ಲಿ ಅನೇಕರು ಡಬ್ಬಿಯಲ್ಲಿ ಪುಳಿಯೋಗರೆ ಕಟ್ಟಿಕೊಂಡು ಹೊರಡುತ್ತೇವೆ. ಅದು ಒಳ್ಳೆಯ ಉಪಾಯವೇ. ಬೇಸಗೆಯಲ್ಲಿ ಹೈಡ್ ಪಾರ್ಕಿನ ಹುಲ್ಲಿನ ಮೇಲೆ, ಮಳೆ ಬಂದರೆ ಸೌತ್ ಕೆನ್ಸಿಂಗ್ಟನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ಬುತ್ತಿ ಬಿಚ್ಚಲೆಂದೇ ಇರುವ ಜಾಗದಲ್ಲಿ ಕುಳಿತು ತಿನ್ನಬಹುದು. ಆದರೆ ಆಕ್ಸ್‌ಫರ್ಡ್ ಸ್ಟ್ರೀಟಿಗೆ ತಾಗಿದ ಸೋಹೋ ಸ್ಟ್ರೀಟಿನಲ್ಲಿ ಇಸ್ಕಾನ್‌ನ ರಾಧಾಕೃಷ್ಣ ದೇವಸ್ಥಾನವಿರುವುದೂ ಅದಕ್ಕೆ ಹೊಂದಿಕೊಂಡಿರುವ ಗೋವಿಂದಾಸ್‌ನಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾತ್ವಿಕ ಊಟ ಸಿಗುವುದೂ ಇನ್ನೂ ಎಲ್ಲರಿಗೂ ತಿಳಿದಿಲ್ಲ. ಲಂಡನ್ನಿನ ನಟ್ಟನಡುವೆ ದೇವರ ದರ್ಶನವೂ ಬಿಸಿ ಊಟವೂ ಒಂದೇ ಕಡೆ ಆಗುವ ಈ ಅನುಕೂಲವನ್ನು ಅಮ್ಮಂದಿರು ಬಹುವಾಗಿ ಮೆಚ್ಚುತ್ತಾರೆ.

ಇಷ್ಟು ಹೇಳಿದ ಮೇಲೆ, ಲಂಡನ್ನಿಗೆ ಬಂದು ನಮ್ಮ ಊಟವನ್ನಷ್ಟೇ ಹುಡುಕಿ ತಿಂದು ಮರಳುವುದು ಅರ್ಧ ನೋಟವೇ ಸರಿ ಎಂಬುದನ್ನೂ ಹೇಳಬೇಕು. ಹಿರಿಯರಿಗೆ ಹೊಸ ರುಚಿ ಒಗ್ಗದು ಎಂದು ನಾವೇ ತೀರ್ಮಾನಿಸಿಬಿಡುವುದು ಸರಿಯಲ್ಲ. ಹದವಾದ ಚಹಾ, ಬೆಣ್ಣೆ ಜಾಮ್ ಹಚ್ಚಿದ ಸ್ಕೋನ್ ಯಾರಿಗೆ ಬೇಡ? ದೊಡ್ಡ ಹೋಟೆಲುಗಳ ಮಧ್ಯಾಹ್ನದ ಚಹಾಕೂಟ ಬಲು ದುಬಾರಿ, ವಾರಗಳ ಮೊದಲೇ ಜಾಗ ಕಾದಿರಿಸಬೇಕು. ಅದರ ಬದಲು ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದ ಉಪಾಹಾರ ಕೋಣೆಗಳಿಗೆ ಹೋಗಿ. 1860ರ ದಶಕದಲ್ಲಿ ಹೆಸರಾಂತ ವಿನ್ಯಾಸಕ ವಿಲಿಯಂ ಮಾರಿಸ್ ಅವರ ಸಂಸ್ಥೆ ಅಲಂಕರಿಸಿದ ಹಸಿರು ಗೋಡೆಯ ಕೋಣೆಯಲ್ಲಿ ಕುಳಿತು ಚಹಾ ಕುಡಿಯುವುದು ಅಲ್ಲಿಯ ಯಾವ ಪ್ರದರ್ಶನಕ್ಕೂ ಕಡಿಮೆಯಲ್ಲ, ಸಂಗ್ರಹಾಲಯದ ಪ್ರವೇಶಕ್ಕೆ ಹಣವೂ ಬೇಕಿಲ್ಲ. ಟ್ರಫಾಲ್ಗರ್ ಸ್ಕ್ವೇರಿನಲ್ಲಿದ್ದಾಗ ದಣಿವಾದರೆ ಸೇಂಟ್ ಮಾರ್ಟಿನ್ ಇನ್ ದಿ ಫೀಲ್ಡ್ಸ್ ಚರ್ಚಿನ ನೆಲಮಾಳಿಗೆಯ ಕೆಫೆ ಇದೆ. ಇಟ್ಟಿಗೆಯ ಕಮಾನುಗಳ ಕೆಳಗೆ, ಹಳೆಯ ಸಮಾಧಿಕಲ್ಲುಗಳು ಹಾಸಿದ ನೆಲದ ಮೇಲೆ ಮೇಜುಗಳಿರುತ್ತವೆ. ಮಡಿಯ ಮನಸ್ಸಿನವರಿಗೆ ಇದನ್ನು ಮೊದಲೇ ತಿಳಿಸಿ ಕರೆದೊಯ್ಯುವುದು ಒಳ್ಳೆಯದು.

ಮಕ್ಕಳು ದೊಡ್ಡವರಾಗಿದ್ದರೆ ಪೂರ್ವ ಲಂಡನ್ನಿನ ಬ್ರಿಕ್ ಲೇನ್ ತೋರಿಸಿ. ಅಲ್ಲಿಯ ಮಸೀದಿಯ ಕಟ್ಟಡ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟಂಟರ ಪ್ರಾರ್ಥನಾಮಂದಿರವಾಗಿ 1743ರಲ್ಲಿ ಎದ್ದದ್ದು. ಮುಂದೆ ಮೆಥಡಿಸ್ಟರ ಚರ್ಚಾಗಿ, 19ನೇ ಶತಮಾನದ ಕೊನೆಗೆ ಯಹೂದ್ಯರ ಪ್ರಾರ್ಥನಾಮಂದಿರವಾಗಿ, 1976ರಲ್ಲಿ ಮಸೀದಿಯಾಗಿ ಉಳಿದು ಬಂದಿದೆ. ಬೀದಿಯ ಊಟವೂ ಅದೇ ಚರಿತ್ರೆಯನ್ನು ಹೇಳುತ್ತದೆ. ಯಹೂದ್ಯರ ಕಾಲದ ಬೇಗಲ್ ರೊಟ್ಟಿಯನ್ನು ಹಗಲು ರಾತ್ರಿ ಬಾಗಿಲು ಹಾಕದೆ ಮಾರುವ ಬೀಗಲ್ ಬೇಕ್ ಒಂದು ತುದಿಯಲ್ಲಿದ್ದರೆ, ಉದ್ದಕ್ಕೂ ಸಿಲ್ಹೆಟ್ ಸೀಮೆಯಿಂದ ಬಂದ ಬಂಗಾಳಿಗಳ ಹೋಟೆಲುಗಳಿವೆ. ಬೇಗಲ್ ಅಂಗಡಿಯಲ್ಲಿ ಜನ ಸಾಲು ನಿಲ್ಲುವುದು ಉಪ್ಪಿನಲ್ಲಿ ಹದಮಾಡಿದ ಗೋಮಾಂಸ ತುಂಬಿದ್ದಕ್ಕೆ. ಬೇಡದವರು ಕ್ರೀಂ ಚೀಸ್ ಹಚ್ಚಿದ್ದನ್ನು ಕೇಳಿ ಪಡೆಯಬಹುದು. ಹೋಟೆಲಿನ ಮುಂದೆ ನಿಂತು ರಿಯಾಯಿತಿ ಕೂಗಿ ಕರೆಯುವವರ ಹಿಂದೆ ಮಾತ್ರ ಹೋಗಬೇಡಿ.

ತಿಂಡಿತಿನಿಸುಗಳ ಸಂತೆಯಾದ ಬರೋ ಮಾರ್ಕೆಟ್ಟಿನ ಬಗ್ಗೆ ಎಲ್ಲರೂ ಕೇಳಿರುತ್ತಾರೆ. ಸೋಮವಾರ ಅದಕ್ಕೆ ರಜೆ. ಶನಿವಾರ ಕಾಲಿಡಲು ಜಾಗವಿಲ್ಲದಷ್ಟು ಗದ್ದಲ. ಹಿರಿಯರೊಡನೆ ಹೋಗುವುದಾದರೆ ವಾರದ ನಡುವಿನ ಬೆಳಗ್ಗೆಯೇ ಲೇಸು. ಅಲ್ಲಿಂದ ರಸ್ತೆ ದಾಟಿದರೆ ಸಿಗುವ ಜಾರ್ಜ್ ಇನ್‌ಗೆ ಮಾತ್ರ ತಪ್ಪದೆ ಹೋಗಿ. ಕುದುರೆಗಾಡಿಗಳ ಕಾಲದಲ್ಲಿ ಪ್ರಯಾಣಿಕರು ತಂಗುತ್ತಿದ್ದ, ಅಂಗಳದ ಸುತ್ತ ಮರದ ಮೊಗಸಾಲೆಗಳಿದ್ದ ಛತ್ರಗಳಲ್ಲಿ ಲಂಡನ್ನಿನಲ್ಲಿ ಉಳಿದದ್ದು ಇದೊಂದೇ. 1676ರ ಬೆಂಕಿಯ ನಂತರ ಮತ್ತೆ ಕಟ್ಟಿದ ಈ ಕಟ್ಟಡ ಈಗ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟಿನದು, ನಡೆಯುತ್ತಿರುವುದು ಪಬ್ ಆಗಿ.

ಪಬ್ ಎಂದೊಡನೆ ನಮ್ಮ ಹಿರಿಯರು ಹಿಂಜರಿಯುತ್ತಾರೆ. ಊರಿನಲ್ಲಿ ಆ ಹೆಸರಿಗೆ ಅಂಟಿಕೊಂಡಿರುವ ಭಾವನೆಯೇ ಬೇರೆ. ಇಲ್ಲಿ ಅದು ಬಡಾವಣೆಯ ಜನ ಕುಳಿತು ಮಾತಾಡುವ ಜಾಗ; ಕುಡಿಯದವರು ಶುಂಠಿಯ ಜಿಂಜರ್ ಬಿಯರನ್ನೋ ನಿಂಬೆ ಸೋಡವನ್ನೋ ಚಹಾವನ್ನೋ ತೆಗೆದುಕೊಂಡು ಗಂಟೆಗಟ್ಟಲೆ ಕೂರಬಹುದು, ಯಾರೂ ತಪ್ಪೆಣಿಸುವುದಿಲ್ಲ. ಜಿಂಜರ್ ಬಿಯರಿನಲ್ಲಿ ಮದ್ಯ ಬೆರೆತ ಬಗೆಯೂ ಇರುವುದರಿಂದ ಕೇಳುವಾಗ ಮದ್ಯವಿಲ್ಲದ್ದು ಎಂದು ಸ್ಪಷ್ಟವಾಗಿ ಹೇಳಿ. ಮೇಜಿನ ಬಳಿಗೆ ಯಾರೋ ಬರುತ್ತಾರೆಂದು ಕಾಯದೆ ನಾವೇ ಕಟ್ಟೆಯ ಬಳಿಗೆ ಹೋಗಿ ಕೇಳಿ, ಹಣ ಕೊಟ್ಟು ತರುವುದು ಹೆಚ್ಚಿನ ಪಬ್ಬುಗಳ ಪದ್ಧತಿ. ಅಡುಗೆಮನೆ ಅನೇಕ ಕಡೆ ರಾತ್ರಿ ಒಂಬತ್ತರ ಸುಮಾರಿಗೆ ಮುಚ್ಚುತ್ತದೆ. ಮಕ್ಕಳನ್ನು ಎಷ್ಟು ಹೊತ್ತಿನವರೆಗೆ ಬಿಡುತ್ತಾರೆಂಬುದು ಒಂದೊಂದು ಕಡೆ ಒಂದೊಂದು ಬಗೆ. ಫ್ಲೀಟ್ ಸ್ಟ್ರೀಟಿನಲ್ಲಿ 1666ರ ಮಹಾ ಅಗ್ನಿದುರಂತದ ಮರುವರ್ಷ ಮತ್ತೆ ಎದ್ದ ಯೆ ಓಲ್ಡ್ ಚೆಷೈರ್ ಚೀಸ್ ಎಂಬ ಪಬ್ ಇದೆ. ಕಾರ್ನ್‌ಹಿಲ್ಲಿನ ಸೇಂಟ್ ಮೈಕಲ್ಸ್ ಅಲಿ ಎಂಬ ಓಣಿಯಲ್ಲಿ, 1652ರಲ್ಲಿ ಲಂಡನ್ನಿನ ಮೊದಲ ಕಾಫಿ ಮನೆ ತೆರೆದ ಜಾಗದಲ್ಲಿ, ಜಮೈಕಾ ವೈನ್ ಹೌಸ್ ಎಂಬ ಪಬ್ ಇದೆ. ಬಾಬಾ ಬುಡನ್ ಮೋಕಾದಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬ ಪ್ರತೀತಿಯೂ ಅದೇ 17ನೇ ಶತಮಾನದ್ದು ಎಂದು ತಿಳಿಸಿದರೆ ಮಲೆನಾಡಿನಿಂದ ಬಂದವರು ಆ ಓಣಿಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ.

ಸಸ್ಯಾಹಾರಿಗಳು ಕೆಲವು ವಿಷಯಗಳಲ್ಲಿ ಎಚ್ಚರವಿರಬೇಕು. ಆಲೂಗಡ್ಡೆ ಚಿಪ್ಸನ್ನು ಮೀನು ಕರಿದ ಎಣ್ಣೆಯಲ್ಲೇ ಕರಿಯುವ ಅಂಗಡಿಗಳಿವೆ, ದನದ ಕೊಬ್ಬಿನಲ್ಲಿ ಕರಿಯುವ ಅಂಗಡಿಗಳೂ ಇವೆ. ತರಕಾರಿ ಸೂಪಿಗೆ ಮಾಂಸದ ಸಾರು ಹಾಕಿರಬಹುದು. ವೂಸ್ಟರ್ ಸಾಸಿನಲ್ಲಿ ಆಂಚೊವಿ ಮೀನಿರುತ್ತದೆ. ಪರ್ಮಿಜಾನ್ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವದಿಂದ ಮಾಡುತ್ತಾರೆ. ಕೇಳಿದರೆ ತಪ್ಪು ತಿಳಿಯುವುದಿಲ್ಲ, ಸಂಕೋಚ ಬೇಡ. ಮದ್ಯದ ಪರವಾನಗಿ ಇರುವ ಹೋಟೆಲು, ಪಬ್ಬುಗಳು ಕೇಳಿದ ಗ್ರಾಹಕರಿಗೆ ನಲ್ಲಿಯ ನೀರನ್ನು ಉಚಿತವಾಗಿ ಕೊಡಲೇಬೇಕೆಂಬ ನಿಯಮವಿದೆ. ಬಾಟಲಿ ನೀರಿಗೆ ಹಣ ಸುರಿಯಬೇಕಾಗಿಲ್ಲ. ಬಿಲ್ಲಿನಲ್ಲಿ ಶೇಕಡಾ 12.5ರಷ್ಟು ಸೇವಾಶುಲ್ಕ ಸೇರಿರುವುದು ಲಂಡನ್ನಿನಲ್ಲಿ ಸಾಮಾನ್ಯ, ಅದು ಸೇರಿದ್ದರೆ ಮತ್ತೆ ಭಕ್ಷೀಸು ಕೊಡಬೇಕಿಲ್ಲ. ಅನೇಕ ಕೆಫೆಗಳು ಈಗ ನಗದು ಹಣವನ್ನೇ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಅಪ್ಪ ಅಮ್ಮ ತಾವಾಗಿಯೇ ತಿರುಗಾಡುವ ದಿನ ಅವರ ಕೈಯಲ್ಲಿ ಇಲ್ಲಿ ನಡೆಯುವ ಕಾರ್ಡೊಂದು ಇರಲಿ.

ನಗರದ ನಡುಭಾಗದಿಂದ ಹೊರಗೆ ಹೋಗಲು ಬಿಡುವಿದ್ದರೆ ಆಯ್ಕೆ ಹಿಗ್ಗುತ್ತದೆ. ವೆಂಬ್ಲಿಯ ಈಲಿಂಗ್ ರೋಡಿನಲ್ಲಿ ಗುಜರಾತಿಗಳ ಫರಸಾಣ ಎಂಬ ಖಾರದ ತಿಂಡಿಗಳ ಅಂಗಡಿಗಳು, ಈಸ್ಟ್ ಹ್ಯಾಮಿನ ಹೈ ಸ್ಟ್ರೀಟ್ ನಾರ್ತಿನಲ್ಲಿ ತಮಿಳರ ಇಡ್ಲಿ ದೋಸೆ. ಎಲಿಜಬೆತ್ ರೈಲುಮಾರ್ಗದಲ್ಲಿರುವ ಸೌತಾಲ್ ಹೀಥ್ರೂ ವಿಮಾನ ನಿಲ್ದಾಣದ ದಾರಿಯಲ್ಲೇ ಸಿಗುವುದರಿಂದ ಹಿರಿಯರನ್ನು ಬೀಳ್ಕೊಡುವ ದಿನ ಅಲ್ಲಿ ಇಳಿಯಬಹುದು. ಹಿಂದೆ ಹ್ಯಾವ್‌ಲಾಕ್ ರೋಡ್ ಎನಿಸಿದ್ದ ಗುರು ನಾನಕ್ ರೋಡಿನಲ್ಲಿರುವ, 2003ರಲ್ಲಿ ತೆರೆದ ದೊಡ್ಡ ಗುರುದ್ವಾರದಲ್ಲಿ ಜಾತಿ ಮತ ಕೇಳದೆ ಎಲ್ಲರಿಗೂ ಸಸ್ಯಾಹಾರದ ಲಂಗರ್ ಬಡಿಸುತ್ತಾರೆ. ತಲೆಗೆ ಬಟ್ಟೆ ಕಟ್ಟಿ, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಬಡಿಸಿದ್ದನ್ನು ಚೆಲ್ಲಬಾರದು.

ಕರ್ನಾಟಕದಿಂದ ಬಂದವರು ನೋಡಬೇಕೆನ್ನುವ ಬಸವೇಶ್ವರರ ಪ್ರತಿಮೆ ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಥೇಮ್ಸ್ ನದಿಯ ದಡದಲ್ಲಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣಗೊಳಿಸಿದರು. ಪ್ರತಿಮೆಯ ಸುತ್ತಮುತ್ತ ನಮ್ಮ ಊಟ ಸಿಗುವುದಿಲ್ಲವಾದ್ದರಿಂದ ಅನೇಕ ಕುಟುಂಬಗಳು ಅಲ್ಲಿಂದ ಹಸಿದೇ ಹೊರಡುತ್ತವೆ. ಹಾಗೆ ಮಾಡದೆ ವಾಕ್ಸ್‌ಹಾಲ್ ದಾಟಿ ಸೌತ್ ಲ್ಯಾಂಬೆತ್ ರೋಡಿನಲ್ಲಿ ಸ್ಟಾಕ್‌ವೆಲ್ ಕಡೆಗೆ ಸಾಗಿ. ಅದು ಪೋರ್ಚುಗೀಸರು ನೆಲೆಸಿದ ಬಡಾವಣೆ. ಅವರ ಕೆಫೆಗಳಲ್ಲಿ ಗಟ್ಟಿ ಕಾಫಿಯೂ ಹಾಲು ಮೊಟ್ಟೆಯ ಹೂರಣವಿಟ್ಟು ಸುಟ್ಟ ಪಾಸ್ಟೆಲ್ ದೆ ನಾತಾ ಎಂಬ ಪುಟ್ಟ ಸಿಹಿಯೂ ಸಿಗುತ್ತವೆ. ಮೊಟ್ಟೆ ತಿನ್ನದವರು ಕಾಫಿ ಮುಗಿಸಿ ಸ್ಟಾಕ್‌ವೆಲ್‌ನಲ್ಲಿ ನಾರ್ದರ್ನ್ ಮಾರ್ಗದ ರೈಲು ಹತ್ತಿದರೆ, ಬದಲಾಯಿಸದೆಯೇ ಟೂಟಿಂಗ್ ಬ್ರಾಡ್‌ವೇಯಲ್ಲಿ ಇಳಿಯಬಹುದು. ಅಲ್ಲಿ 1970ರ ದಶಕದಿಂದ ನೆಲೆಯೂರಿರುವ ಕೇರಳದವರ, ಆಮೇಲೆ ಬಂದ ಶ್ರೀಲಂಕಾ ತಮಿಳರ ಹೋಟೆಲುಗಳು ಸಾಲಾಗಿವೆ. ಜೋಳದ ರೊಟ್ಟಿ ಎಣ್ಣೆಗಾಯಿ ಸಿಗದು. ಮಸಾಲೆ ದೋಸೆ, ಉತ್ತಪ್ಪ, ಅನ್ನ ಸಾಂಬಾರು, ಕರಾವಳಿಯವರಿಗೆ ತೆಂಗಿನಕಾಯಿ ಹಾಕಿದ ಮೀನಿನ ಸಾರು ಸಿಗುತ್ತದೆ. ಶನಿವಾರ ಸಂಜೆ ಆರಕ್ಕಿಂತ ಮೊದಲೇ ಹೋಗಿ, ಆರು ಜನಕ್ಕಿಂತ ಹೆಚ್ಚಿದ್ದರೆ ಹಿಂದಿನ ದಿನವೇ ಫೋನ್ ಮಾಡಿ ಜಾಗ ಹಿಡಿದಿಡಿ.